ಹೊಟ್ಟೆನೋವು ವಾಸಿಯಾಯ್ತು, ಸಕ್ಕರೆಯ ಲೆಕ್ಕ ಇಟ್ಟವರಾರು?

ಹೊಸನಗರ ತಾಲ್ಲೂಕಿನ ನಮ್ಮೂರಿನಲ್ಲಿ ಅದು ಅಡಿಕೆ ಕೊಯ್ಲಿನ ಕಾಲ. ಬೆಳಿಗ್ಗೆ ಏಳಕ್ಕೆಲ್ಲ ಚಿಕ್ಕಪ್ಪನ ಮಗ ತೋಟಕ್ಕಿಳಿದಿದ್ದ. ವಯಸ್ಸು 36. ಒಂದೂವರೆ ಎಕರೆ ಸ್ವಂತ ತೋಟ, ಉಳಿದ ದಿನ ಬೇರೆಯವರ ತೋಟದಲ್ಲಿ ಕೊನೆ ಕೊಯ್ಯುವ ಕೆಲಸ. ಕಾಲಿಗೆ ತಳೆ ಹಾಕಿಕೊಂಡು ಮರಕ್ಕೆ ಕೈ ಕೊಟ್ಟವನು ಹಾಗೇ ಕುಸಿದು ಕೂತ. ಮೈಯೆಲ್ಲ ಬೆವರು, ಕೈಕಾಲು ನಡುಕ, ಮಾತು ತೊದಲು. ಹಾಳೆ ಹೆಕ್ಕುತ್ತಿದ್ದ ಹೆಂಗಸೊಬ್ಬರು ಓಡಿಹೋಗಿ ಬೆಲ್ಲದ ನೀರು ತಂದು ಕುಡಿಸಿದರು. ಹತ್ತು ನಿಮಿಷದಲ್ಲಿ ಎದ್ದು ಕೂತ.

ಆಮೇಲೆ ನನಗೆ ಫೋನ್ ಮಾಡಿ ಅವನು ಹೇಳಿದ್ದು ಇಷ್ಟೇ: "ಅಣ್ಣ, ಇನ್ನೈದು ನಿಮಿಷ ತಡ ಆಗಿದ್ರೆ ನಾನು ಮರದ ಮೇಲೆ ಇರ್ತಿದ್ದೆ."

ಐವತ್ತು ಅಡಿ ಎತ್ತರದ ಅಡಿಕೆ ಮರ. ಆ ವಾಕ್ಯದ ಅರ್ಥ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಅವನಿಗೆ ಶುಗರ್ ಇದೆ ಅಂತ ಗೊತ್ತಾಗಿ ಆಗ ಮೂರು ವಾರ ಆಗಿತ್ತು. ಮಾತ್ರೆ ನುಂಗುತ್ತಿದ್ದ. ಅವತ್ತು ಬೆಳಿಗ್ಗೆ ಮಾತ್ರೆ ನುಂಗಿ, ಗಂಜಿ ಕುಡಿಯದೆ ತೋಟಕ್ಕೆ ಬಂದಿದ್ದ. ಸಕ್ಕರೆ ಕುಸಿಯಿತು. ಇದು ಅವನ ಅಜಾಗರೂಕತೆ ಅಂತ ಹೇಳಿ ಮುಗಿಸಬಹುದು. ಆದರೆ ಹಿಂದಿನ ಕಥೆ ತೆಗೆದು ನೋಡಿದರೆ ತಪ್ಪು ಅವನದ್ದಲ್ಲ, ನಾವು ಕಟ್ಟಿಕೊಂಡಿರುವ ವ್ಯವಸ್ಥೆಯದ್ದು.

ಡಿಸ್ಚಾರ್ಜ್ ಚೀಟಿಯಲ್ಲಿ ಇರಲಿಲ್ಲದ ಒಂದು ಸಾಲು

ಅದಕ್ಕೂ ಹದಿನೈದು ತಿಂಗಳ ಹಿಂದೆ, ಮಳೆಗಾಲದ ಕೊನೆಯಲ್ಲಿ, ಅವನಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ಬೆನ್ನಿಗೆ ಇರಿಯುವಂಥ ನೋವು ಬಂತು. ಮೊದಲು ಗ್ಯಾಸ್ಟ್ರಿಕ್ ಅಂದುಕೊಂಡರು, ಸೋಡಾ ಕುಡಿಸಿದರು. ರಾತ್ರಿ ವಾಂತಿ ನಿಲ್ಲಲಿಲ್ಲ. ಜೀಪಿನಲ್ಲಿ ಮಲಗಿಸಿಕೊಂಡು ಘಟ್ಟ ಇಳಿದು ದೊಡ್ಡ ಆಸ್ಪತ್ರೆಗೆ ಹೋದೆವು. ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತ ಅಂದರು, ಡಾಕ್ಟರ ಭಾಷೆಯಲ್ಲಿ ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್. ಒಂಬತ್ತು ದಿನ ಇದ್ದ. ಚೆನ್ನಾಗಿಯೇ ನೋಡಿಕೊಂಡರು, ಜೀವ ಉಳಿಸಿದರು. ಅದರ ಬಗ್ಗೆ ದೂರಿಲ್ಲ.

ಆಸ್ಪತ್ರೆಯಲ್ಲಿದ್ದಾಗ ಅವನ ಸಕ್ಕರೆ 260 ದಾಟಿತ್ತು. ಇನ್ಸುಲಿನ್ ಕೊಟ್ಟರು, ಇಳಿಯಿತು, ನಿಲ್ಲಿಸಿದರು. ಮನೆಗೆ ಕಳಿಸುವಾಗ ಕೊಟ್ಟ ಚೀಟಿಯಲ್ಲಿ ಕುಡಿಯಬಾರದು, ಎಣ್ಣೆ-ಕೊಬ್ಬು ಕಮ್ಮಿ ಮಾಡಿ, ಎರಡು ವಾರ ಬಿಟ್ಟು ಬನ್ನಿ ಅಂತ ಇತ್ತು. ಎರಡು ವಾರ ಬಿಟ್ಟು ಹೋಗಿ ಬಂದ. ಅಲ್ಲಿಗೆ ಫೈಲು ಮುಚ್ಚಿತು. ಮೂರು ತಿಂಗಳು ಬಿಟ್ಟು ಸಕ್ಕರೆ ನೋಡಿಸಿ, ಆಮೇಲೆ ವರ್ಷಾ ವರ್ಷ ನೋಡಿಸಿ ಎಂಬ ಒಂದು ಸಾಲು ಅದರಲ್ಲಿ ಇರಲಿಲ್ಲ.

ನಂತರದ ವರ್ಷದಲ್ಲಿ ಅವನು ಹನ್ನೊಂದು ಕೆಜಿ ಇಳಿದ. ಊರಲ್ಲಿ ಎಲ್ಲರಿಗೂ ಖುಷಿ. "ಕುಡಿಯೋದು ಬಿಟ್ಟ, ಮೈ ಹಗುರ ಆಯ್ತು" ಅಂದರು. ರಾತ್ರಿ ನಾಲ್ಕು ಸಲ ಏಳುತ್ತಿದ್ದುದನ್ನು ಯಾರಿಗೂ ಹೇಳಲಿಲ್ಲ. ಕೊನೆಗೆ ಕಾಲಿನ ಗಾಯ ಮಾಯದೆ ಒಂದು ಕ್ಲಿನಿಕ್ಕಿಗೆ ಹೋದಾಗ ಸಕ್ಕರೆ 380. ಡಾಕ್ಟರು ಮಾಮೂಲಿ ಶುಗರ್ ಅಂತ ಮಾಮೂಲಿ ಮಾತ್ರೆ ಬರೆದರು. ಹಿಂದಿನ ವರ್ಷದ ಹೊಟ್ಟೆನೋವನ್ನು ಇವನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಹೊಟ್ಟೆನೋವಿಗೂ ಶುಗರಿಗೂ ಏನು ಸಂಬಂಧ ಅಂತ ಇವನಿಗೆ ಹೇಗೆ ಗೊತ್ತಾಗಬೇಕು?

ಸಂಬಂಧ ಇದೆ, ಬಹಳ ಹತ್ತಿರದ್ದು

ಜಠರದ ಹಿಂದೆ ಅಡ್ಡಡ್ಡ ಮಲಗಿರುವ, ಒಂದು ಗೇಣಿಗಿಂತ ಚಿಕ್ಕದಾದ ಈ ಗ್ರಂಥಿಗೆ ಎರಡು ಕೆಲಸ. ಒಂದು, ಉಂಡದ್ದನ್ನು ಜೀರ್ಣ ಮಾಡುವ ರಸವನ್ನು ಕರುಳಿಗೆ ಸುರಿಯುವುದು. ಎರಡು, ಸಕ್ಕರೆಯನ್ನು ಹತೋಟಿಯಲ್ಲಿಡುವ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುವುದು. ಗ್ರಂಥಿಯ ಬಹುಪಾಲು ಮೊದಲ ಕೆಲಸಕ್ಕೇ ಮೀಸಲು. ಎರಡನೆಯದನ್ನು ಮಾಡುವ ಜೀವಕೋಶಗಳ ಗುಂಪುಗಳು ಅಲ್ಲಲ್ಲಿ ದ್ವೀಪಗಳಂತೆ ಹರಡಿವೆ, ಒಟ್ಟು ತೂಕದಲ್ಲಿ ಅವುಗಳ ಪಾಲು ಶೇ. 1ರಿಂದ 2 ಮಾತ್ರ. ಅವುಗಳಲ್ಲಿ ಒಂದು ಬಗೆಯ ಕೋಶ ಸಕ್ಕರೆ ಇಳಿಸುವ ಇನ್ಸುಲಿನ್ ಮಾಡುತ್ತದೆ, ಇನ್ನೊಂದು ಬಗೆಯದ್ದು ಸಕ್ಕರೆ ಏರಿಸುವ ಗ್ಲುಕಗಾನ್ ಮಾಡುತ್ತದೆ. ಗಾಡಿಗೆ ಆಕ್ಸಿಲರೇಟರ್ ಮತ್ತು ಬ್ರೇಕ್ ಇದ್ದ ಹಾಗೆ.

ಉರಿಯೂತ ಬಂದಾಗ ಜೀರ್ಣರಸ ಕರುಳು ತಲುಪುವ ಮೊದಲೇ ಗ್ರಂಥಿಯೊಳಗೇ ಚುರುಕಾಗಿ ಗ್ರಂಥಿಯನ್ನೇ ಸುಡಲು ಶುರುಮಾಡುತ್ತದೆ. ಪಿತ್ತಕೋಶದ ಕಲ್ಲು ಮತ್ತು ಮದ್ಯ ಇದಕ್ಕೆ ಎರಡು ದೊಡ್ಡ ಕಾರಣಗಳು. ರಕ್ತದಲ್ಲಿ ಟ್ರೈಗ್ಲಿಸರೈಡ್ ವಿಪರೀತ ಏರಿದರೂ ಬರುತ್ತದೆ, ಕೆಲವು ಔಷಧಗಳಿಂದಲೂ ಬರುತ್ತದೆ. ಹೆಚ್ಚಿನವರಿಗೆ ಬರುವುದು ಸೌಮ್ಯ ರೂಪ, ವಾರದೊಳಗೆ ಮನೆಗೆ ಹೋಗುತ್ತಾರೆ. "ಪೂರ್ತಿ ವಾಸಿಯಾಯ್ತು" ಎಂಬ ನಂಬಿಕೆ ಹುಟ್ಟುವುದು ಇಲ್ಲೇ.

ಆದರೆ 2014ರಲ್ಲಿ 'ಗಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆ ಬೇರೆಯದೇ ಚಿತ್ರ ಕೊಟ್ಟಿತು. ಮೊದಲ ಬಾರಿ ಉರಿಯೂತ ಬಂದ 1,102 ರೋಗಿಗಳನ್ನು ಹಿಂಬಾಲಿಸಿದ 24 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಶೇ. 37 ಜನರಿಗೆ ಮಧುಮೇಹ ಅಥವಾ ಅದರ ಹಿಂದಿನ ಹಂತ ಬಂದಿತ್ತು. ಪೂರ್ಣ ಮಧುಮೇಹವೇ ಬಂದವರು ಶೇ. 23. ಮೊದಲ ವರ್ಷದೊಳಗೇ ಶೇ. 15 ಜನರಿಗೆ ಬಂದಿತ್ತು, ಐದು ವರ್ಷದಲ್ಲಿ ಆ ಅಪಾಯ ದುಪ್ಪಟ್ಟಿಗಿಂತಲೂ ಹೆಚ್ಚಾಗಿತ್ತು. ಗಮನಿಸಬೇಕಾದ್ದು: ಸೌಮ್ಯ ದಾಳಿ ಆದವರೂ ಇದರಿಂದ ಪಾರಾಗಿರಲಿಲ್ಲ.

ಆಸ್ಪತ್ರೆಯಲ್ಲಿದ್ದಾಗ ಏರುವ ಸಕ್ಕರೆ ಬೇರೆ ವಿಷಯ. ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ ಯಾರಿಗಾದರೂ ಸಕ್ಕರೆ ಏರಬಹುದು, ಇಳಿಯಲೂಬಹುದು. ಅದಕ್ಕೇ ತಜ್ಞರು ದಾಳಿಯಾಗಿ 90 ದಿನ ಕಳೆದ ಮೇಲೂ ಕಾಣುವ ಸಕ್ಕರೆಯನ್ನು ಮಾತ್ರ 'ಪ್ಯಾಂಕ್ರಿಯಾಟೈಟಿಸ್ ನಂತರದ ಮಧುಮೇಹ' ಎಂದು ಕರೆಯುತ್ತಾರೆ. ಅಂದರೆ ನಿಜವಾಗಿ ನೋಡಬೇಕಾದ ಹೊತ್ತಿಗೆ ರೋಗಿ ಘಟ್ಟ ಹತ್ತಿ ಮನೆ ಸೇರಿ, ಗದ್ದೆ-ತೋಟದ ಕೆಲಸಕ್ಕೆ ವಾಪಸಾಗಿರುತ್ತಾನೆ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ತನ್ನ 2024ರ ಮಾರ್ಗಸೂಚಿಯಲ್ಲಿ ಇದನ್ನು ನೇರವಾಗಿ ಹೇಳಿದೆ: ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್ ಆದವರಿಗೆ ಮೂರರಿಂದ ಆರು ತಿಂಗಳೊಳಗೆ ಸಕ್ಕರೆ ಪರೀಕ್ಷೆ, ಆಮೇಲೆ ಪ್ರತಿ ವರ್ಷ. ಇಷ್ಟೇ. ಸ್ಕ್ಯಾನ್ ಬೇಡ, ದೊಡ್ಡ ಆಸ್ಪತ್ರೆ ಬೇಡ. ಬರಿಹೊಟ್ಟೆಯ ಸಕ್ಕರೆ ಮತ್ತು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಸಾಕು. ಸಾಗರ, ತೀರ್ಥಹಳ್ಳಿ ಪೇಟೆಯಲ್ಲಿ ಮಾಡಿಸಬಹುದಾದ ಪರೀಕ್ಷೆಗಳು ಇವು.

ತಪ್ಪು ಹೆಸರು, ತಪ್ಪು ಔಷಧ

ಈ ಮಧುಮೇಹವನ್ನು ವೈದ್ಯರು ಟೈಪ್ 3ಸಿ ಎನ್ನುತ್ತಾರೆ. ಮಾಮೂಲಿ ಟೈಪ್ 2ಕ್ಕಿಂತ ಇದು ಬೇರೆ. ಇಲ್ಲಿ ಬ್ರೇಕೂ ಹಾಳಾಗಿರಬಹುದು, ಆಕ್ಸಿಲರೇಟರೂ ಹಾಳಾಗಿರಬಹುದು. ಸಕ್ಕರೆ ಬೀಳುವಾಗ ಅದನ್ನು ಎತ್ತಿ ಹಿಡಿಯಬೇಕಾದ ಗ್ಲುಕಗಾನ್ ಕಮ್ಮಿಯಿದ್ದರೆ ಬೀಳುವಿಕೆ ಜೋರಾಗಿರುತ್ತದೆ. ನನ್ನ ತಮ್ಮ ಮರದ ಬುಡದಲ್ಲಿ ಕುಸಿದದ್ದಕ್ಕೆ ಖಾಲಿ ಹೊಟ್ಟೆ ಮತ್ತು ಬಲವಂತವಾಗಿ ಇನ್ಸುಲಿನ್ ಹೊರಡಿಸುವ ಬಗೆಯ ಮಾತ್ರೆ ಎರಡೂ ಸೇರಿದ್ದವು. ಇಂಥ ರೋಗಿಗೆ ಆ ಮಾತ್ರೆಯನ್ನು ಕೊಡುವ ಮೊದಲು ಎರಡು ಸಲ ಯೋಚಿಸಬೇಕು.

ಹೊಸ ಬಗೆಯ ಕೆಲವು ಔಷಧಗಳ ವಿಷಯದಲ್ಲೂ ಎಚ್ಚರ ಬೇಕು. 2025ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಮೌಂಜಾರೊ, ವೆಗೋವಿಯಂಥ ಇಂಜೆಕ್ಷನ್ನುಗಳ ಬಗ್ಗೆ ಈಗ ಹಳ್ಳಿಯಲ್ಲೂ ಮಾತು ಕೇಳುತ್ತದೆ. ಹಿಂದೆ ಪ್ಯಾಂಕ್ರಿಯಾಟೈಟಿಸ್ ಆದವರಲ್ಲಿ ಇವುಗಳನ್ನು ಬಳಸುವಾಗ ಜಾಗ್ರತೆ ವಹಿಸಿ ಎಂಬ ಎಚ್ಚರಿಕೆ ಅವುಗಳ ಜೊತೆಯಲ್ಲೇ ಬರುತ್ತದೆ. ರೋಗಿಯ ಹಳೆಯ ಕಥೆ ಗೊತ್ತಿಲ್ಲದ ಡಾಕ್ಟರಿಗೆ ಆ ಎಚ್ಚರಿಕೆಯಿಂದ ಏನು ಪ್ರಯೋಜನ?

ಇದು ಹೊಸನಗರದ ಹಿಂದುಳಿದ ತನ ಅಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಕಂಪ್ಯೂಟರಿನಲ್ಲಿ ಪ್ರತಿ ರೋಗಿಯ ದಾಖಲೆ ಇರುತ್ತದೆ. ಅಲ್ಲಿನ ದಾಖಲೆಗಳನ್ನು ಜಾಲಾಡಿದ ಅಧ್ಯಯನವೊಂದು 2017ರಲ್ಲಿ 'ಡಯಾಬಿಟಿಸ್ ಕೇರ್' ಪತ್ರಿಕೆಯಲ್ಲಿ ಬಂತು. ಮೇದೋಜೀರಕ ಗ್ರಂಥಿಯ ಕಾಯಿಲೆಯ ನಂತರ ಮಧುಮೇಹ ಬಂದವರಲ್ಲಿ ಶೇ. 88 ಜನರಿಗೆ ಟೈಪ್ 2 ಎಂದು ಬರೆಯಲಾಗಿತ್ತು. ಸರಿಯಾದ ಹೆಸರು ಸಿಕ್ಕಿದ್ದು ಶೇ. 3ಕ್ಕಿಂತ ಕಡಿಮೆ ಜನರಿಗೆ. ಅದೇ ಅಧ್ಯಯನದ ಇನ್ನೊಂದು ಅಂಕಿ: ಐದು ವರ್ಷದೊಳಗೆ ಇನ್ಸುಲಿನ್ ಬೇಕಾದವರು ಟೈಪ್ 2ರಲ್ಲಿ ಶೇ. 4, ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್ ನಂತರದವರಲ್ಲಿ ಶೇ. 21, ಗ್ರಂಥಿ ದೀರ್ಘಕಾಲ ಕೆಟ್ಟವರಲ್ಲಿ ಶೇ. 46. ಅಂದರೆ ಹೆಸರು ತಪ್ಪಿದರೆ ಇನ್ಸುಲಿನ್ ಬೇಕಾದವರು ವರ್ಷಗಟ್ಟಲೆ ಮಾತ್ರೆ ಬದಲಿಸುತ್ತ ಸವೆಯುತ್ತಾರೆ.

ಹೆಸರಿನ ಗೊಂದಲ ದಕ್ಷಿಣ ಭಾರತಕ್ಕೆ ಹೊಸದೂ ಅಲ್ಲ. ತೆಳ್ಳಗಿನ, ಚಿಕ್ಕ ವಯಸ್ಸಿನವರಲ್ಲಿ ಮೇದೋಜೀರಕ ಗ್ರಂಥಿಯಲ್ಲಿ ಕಲ್ಲುಗಟ್ಟಿ ಬರುವ ಮಧುಮೇಹವನ್ನು ಕೇರಳದಲ್ಲಿ ಡಾ. ಗೀವರ್ಗೀಸ್ ಅವರು ದಶಕಗಳ ಹಿಂದೆಯೇ ದಾಖಲಿಸಿದ್ದರು. 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅಪೌಷ್ಟಿಕತೆಯ ಮಧುಮೇಹದ ಅಡಿಯಲ್ಲಿ ಸೇರಿಸಿತು, 1999ರಲ್ಲಿ ಆ ವರ್ಗವನ್ನೇ ಕೈಬಿಟ್ಟಿತು. ಅಪೌಷ್ಟಿಕತೆಯಿಂದ ಬರುವ, ಗ್ರಂಥಿಯಲ್ಲಿ ಕಲ್ಲಿಲ್ಲದ ಇನ್ನೊಂದು ಬಗೆಗೆ 2025ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಟೈಪ್ 5 ಎಂದು ಹೆಸರಿಟ್ಟಿತು. ಮಧುಮೇಹ ಅಂದರೆ ಬೊಜ್ಜಿನವರ, ಕೂತು ಉಣ್ಣುವವರ ಕಾಯಿಲೆ ಎಂಬ ಕಲ್ಪನೆಯಿಂದ ಹೊರಗೆ ಉಳಿಯುವವರು ನಮ್ಮಲ್ಲಿ ಯಾವತ್ತೂ ಇದ್ದರು. ಅವರು ಸಾಮಾನ್ಯವಾಗಿ ಬಡವರು, ತೆಳ್ಳಗಿನವರು, ಮೈಮುರಿದು ದುಡಿಯುವವರು.

ಮನೆ ಬಾಗಿಲಿಗೆ ಬಂದ ಫಾರಂ ಕೇಳದ ಪ್ರಶ್ನೆ

ನನ್ನ ತಮ್ಮನ ಮನೆಗೆ ಆಶಾ ಕಾರ್ಯಕರ್ತೆ ಬಂದಿರಲಿಲ್ಲವೇ? ಬಂದಿದ್ದರು. ಮಧುಮೇಹ, ಬಿಪಿ ಪತ್ತೆಗೆ ದೇಶದಾದ್ಯಂತ ಬಳಸುವ ಒಂದು ಫಾರಂ ಇದೆ. ಅದರ ಮೊದಲ ಭಾಗದಲ್ಲಿ ಕೇಳುವುದು ಆರು ವಿಷಯ: ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ದೈಹಿಕ ಶ್ರಮ, ಮನೆಯಲ್ಲಿ ಯಾರಿಗಾದರೂ ಬಿಪಿ-ಶುಗರ್ ಇದೆಯೇ ಎಂಬುದು. ಪ್ರತಿಯೊಂದಕ್ಕೂ ಅಂಕ. 4ಕ್ಕಿಂತ ಹೆಚ್ಚು ಬಂದರೆ ಆದ್ಯತೆಯ ಮೇಲೆ ತಪಾಸಣೆ.

ನನ್ನ ತಮ್ಮನನ್ನು ಆ ಫಾರಂನಲ್ಲಿ ಕೂರಿಸಿ ನೋಡಿ. ನಲವತ್ತು ದಾಟಿಲ್ಲ. ಕುಡಿತ ಬಿಟ್ಟಿದ್ದಾನೆ. ಸೊಂಟ ಸಪೂರ. ದಿನಕ್ಕೆ ಮೂವತ್ತು ಮರ ಹತ್ತಿ ಇಳಿಯುವವನಿಗೆ ದೈಹಿಕ ಶ್ರಮದ ಕೊರತೆಯೇ? ಅಪ್ಪ-ಅಮ್ಮನಿಗೆ ಶುಗರ್ ಇಲ್ಲ. ಅಂಕ ಒಂದೋ ಎರಡೋ. ಫಾರಂ ಪ್ರಕಾರ ಅವನು ಊರಿನ ಅತ್ಯಂತ ಆರೋಗ್ಯವಂತ. ಸ್ಟ್ರಿಪ್ ಮುಗಿದಿದ್ದ ದಿನ ಅಂಥವನನ್ನು "ಆಮೇಲೆ ನೋಡೋಣ" ಅಂದದ್ದರಲ್ಲಿ ಆಶಾ ಕಾರ್ಯಕರ್ತೆಯ ತಪ್ಪಿಲ್ಲ. ಮೇದೋಜೀರಕದ ಕಾಯಿಲೆಗೆ ಆಸ್ಪತ್ರೆ ಸೇರಿದ್ದಿರಾ ಎಂಬ ಪ್ರಶ್ನೆ ಆ ಆರರಲ್ಲಿ ಇಲ್ಲವೇ ಇಲ್ಲ.

ರಾಜ್ಯ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ 'ಗೃಹ ಆರೋಗ್ಯ' ಯೋಜನೆ ಶುರುಮಾಡಿ ಮರುವರ್ಷ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿತು. 30 ವರ್ಷ ದಾಟಿದವರ ಮನೆಗೇ ಹೋಗಿ ಮಧುಮೇಹ, ರಕ್ತದೊತ್ತಡ ಮುಂತಾದವುಗಳ ತಪಾಸಣೆ ಮಾಡಿ, ಔಷಧ ಕೊಡುವ ಯೋಜನೆ. ಒಳ್ಳೆಯ ಯೋಜನೆ, ಅನುಮಾನವಿಲ್ಲ. ಆದರೆ ಎಲ್ಲರನ್ನೂ ಒಂದೇ ಜರಡಿಯಲ್ಲಿ ಹಾಕಿದಾಗ ಇಂಥವರು ಕೆಳಗೆ ಸೋರಿಹೋಗುತ್ತಾರೆ. ಪ್ಯಾಂಕ್ರಿಯಾಟೈಟಿಸ್ ಆದ 26ರ ಹುಡುಗನಿಗಂತೂ ಜರಡಿಯೇ ಇಲ್ಲ.

ಇನ್ನೊಂದು ಕಡೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಜೀವ ಹೋಗುವಂಥ ಹೊತ್ತಿನಲ್ಲಿ ಅದು ಎಷ್ಟೋ ಮನೆಗಳನ್ನು ಸಾಲದಿಂದ ಉಳಿಸಿದೆ. ಆದರೆ ಅದರ ಕಣ್ಣಿಗೆ ಕಾಣುವುದು ಹಾಸಿಗೆ ಹಿಡಿದ ರೋಗಿ. ಹಾಸಿಗೆ ಬಿಟ್ಟೆದ್ದು ಮೂರು ತಿಂಗಳ ನಂತರ ಬರಿಹೊಟ್ಟೆಯಲ್ಲಿ ಲ್ಯಾಬಿನ ಮುಂದೆ ನಿಂತವನು ಅದಕ್ಕೆ ಕಾಣುವುದಿಲ್ಲ. ಲಕ್ಷ ಖರ್ಚು ಮಾಡಿ ಉಳಿಸಿದ ಜೀವವನ್ನು ನೂರಿನ್ನೂರು ರೂಪಾಯಿಯ ಪರೀಕ್ಷೆಗೆ ಬಿಟ್ಟುಕೊಡುವ ಲೆಕ್ಕಾಚಾರ ಇದು.

ಜೀರ್ಣವಾಗದ ಅನ್ನ

ಸಕ್ಕರೆಯ ಮಾತು ಹಾಗಿರಲಿ, ಗ್ರಂಥಿಯ ಇನ್ನೊಂದು ಕೆಲಸದ ಕಡೆ ನೋಡುವವರು ಇನ್ನೂ ಕಮ್ಮಿ. ತೀರ್ಥಹಳ್ಳಿ ಕಡೆಯ ನಮ್ಮ ಪರಿಚಯದ ಅಕ್ಕ ಒಬ್ಬರಿದ್ದಾರೆ. ಶಾಲೆಯಲ್ಲಿ ಬಿಸಿಯೂಟ ಮಾಡುವವರು. ಒಂದು ದಿನವೂ ಹೆಂಡ ಮುಟ್ಟಿದವರಲ್ಲ, ಪಿತ್ತಕೋಶದ ಕಲ್ಲಿನಿಂದ ಉರಿಯೂತ ಬಂದಿತ್ತು. "ಅದು ಕುಡುಕರ ಕಾಯಿಲೆ ಅಲ್ವನಾ?" ಅಂತ ನೆಂಟರೇ ಕೇಳಿದ್ದಕ್ಕೆ ಕಾಯಿಲೆಯ ಹೆಸರನ್ನೇ ಹೇಳುವುದು ಬಿಟ್ಟರು. ವಾಸಿಯಾದ ಮೇಲೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಹೊಟ್ಟೆ ಉಬ್ಬರ, ಎಣ್ಣೆಯಂತೆ ತೇಲುವ, ನೀರು ಹಾಕಿದರೂ ಹೋಗದ ಮಲ. ಇದನ್ನು ಯಾರ ಹತ್ತಿರ ಹೇಳುವುದು? ಎರಡು ವರ್ಷ ಯಾರಿಗೂ ಹೇಳಲಿಲ್ಲ.

ಜೀರ್ಣರಸ ಸಾಲದಿದ್ದರೆ ಹೀಗಾಗುತ್ತದೆ. 2018ರಲ್ಲಿ ಬಂದ ಒಂದು ವಿಶ್ಲೇಷಣೆಯ ಪ್ರಕಾರ ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್ ಆದವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಈ ಕೊರತೆ ಉಳಿಯುತ್ತದೆ. ಕೊಬ್ಬು ಜೀರ್ಣವಾಗದಿದ್ದರೆ ಎ, ಡಿ, ಇ, ಕೆ ವಿಟಮಿನ್ನುಗಳೂ ಮೈಗೆ ಸೇರುವುದಿಲ್ಲ, ಮೂಳೆ ಸವೆಯುತ್ತದೆ. ಔಷಧ ಇದೆ: ಊಟದ ಜೊತೆಜೊತೆಗೇ ನುಂಗುವ ಎಂಜೈಮ್ ಕ್ಯಾಪ್ಸೂಲ್. ಒಂದೊಂದಕ್ಕೆ ಹತ್ತಾರು ರೂಪಾಯಿ, ದಿನಕ್ಕೆ ಮೂರು ಊಟ, ತಿಂಗಳಿಗೆ ಸಾವಿರಗಳ ಲೆಕ್ಕ. ನಾನು ವಿಚಾರಿಸಿದ ಸರ್ಕಾರಿ ಔಷಧ ಕೌಂಟರಿನಲ್ಲಿ ಅದು ಇರಲಿಲ್ಲ. ಅಂಗಡಿಯಲ್ಲಿ ಸಿಗುವ ಸಿಹಿಯಾದ ಜೀರ್ಣದ ಟಾನಿಕ್ಕು ಇದಕ್ಕೆ ಬದಲಿಯಲ್ಲ.

ಮತ್ತೊಂದು ಮಾತನ್ನು ಡಾಕ್ಟರುಗಳು ಹೇಳಲು ಹಿಂಜರಿಯುತ್ತಾರೆ. ಈ ಕ್ಯಾಪ್ಸೂಲನ್ನು ಸಾಮಾನ್ಯವಾಗಿ ಹಂದಿಯ ಗ್ರಂಥಿಯಿಂದ ತೆಗೆದ ಎಂಜೈಮಿನಿಂದ ಮಾಡುತ್ತಾರೆ. ಆ ಅಕ್ಕನಿಗೆ ಇದನ್ನು ಹೇಳಿದ್ದು ಡಾಕ್ಟರಲ್ಲ, ಮಗನ ಮೊಬೈಲು. ಸಸ್ಯಾಹಾರಿ ಮನೆ, ಅಂದೇ ನಿಲ್ಲಿಸಿಬಿಟ್ಟರು. ನಾಲ್ಕು ತಿಂಗಳು ಬಿಟ್ಟು ಮತ್ತೆ ಶುರುಮಾಡಿದರು. "ಔಷಧಕ್ಕೆ ಮಡಿ ಇಲ್ಲ ಅಂತ ನಾನೇ ಸಮಾಧಾನ ಮಾಡ್ಕಂಡೆ. ಮೊದಲೇ ಕೂರಿಸ್ಕಂಡು ಹೇಳಿದ್ರೆ ಮೊದಲೇ ಮಾಡ್ಕಳ್ತಿದ್ದೆ" ಅಂದರು. ಮುಸ್ಲಿಂ ಮನೆಗಳಲ್ಲೂ ಇದೇ ಪ್ರಶ್ನೆ ಬರುತ್ತದೆ. ಮುಚ್ಚಿಡುವುದರಿಂದ ರೋಗಿಗಳು ಔಷಧ ಬಿಡುತ್ತಾರೆ, ಬಿಚ್ಚಿ ಹೇಳಿದರೆ ತಾವೇ ತೀರ್ಮಾನ ಮಾಡುತ್ತಾರೆ.

ಜೀರ್ಣಕ್ಕೂ ಸಕ್ಕರೆಗೂ ನಂಟಿದೆ. ಎಂಜೈಮ್ ಶುರುಮಾಡಿದ ಮೇಲೆ ಅನ್ನ ಮೈಗೆ ಹತ್ತುತ್ತದೆ, ಸಕ್ಕರೆ ಸ್ವಲ್ಪ ಏರಬಹುದು, ಶುಗರ್ ಔಷಧ ಸರಿಹೊಂದಿಸಬೇಕಾಗುತ್ತದೆ. ಹಾಗೇ, ಟೈಪ್ 2ರವರಿಗೆ ಹೇಳುವ "ಅನ್ನ ಬಿಡಿ, ತೂಕ ಇಳಿಸಿ" ಎಂಬ ಉಪದೇಶವನ್ನು ಆಗಲೇ ಹನ್ನೊಂದು ಕೆಜಿ ಕಳೆದುಕೊಂಡವನಿಗೆ ಹೇಳಿದರೆ ಅದು ಚಿಕಿತ್ಸೆಯಲ್ಲ, ಉಪವಾಸ. ಇವರಿಗೆ ಬೇಕಾದ್ದು ಸ್ವಲ್ಪ ಸ್ವಲ್ಪವಾಗಿ, ಹೊತ್ತುಹೊತ್ತಿಗೆ ಊಟ.

ಹೆಸರು ಸಿಕ್ಕ ಕಾಯಿಲೆಗಳು, ಸಿಗದ ಕಾಯಿಲೆಗಳು

ಮಲೆನಾಡಿನ ಈ ಭಾಗ ಜಗತ್ತಿನ ವೈದ್ಯಕೀಯ ಪುಸ್ತಕಗಳಿಗೆ ಹೆಸರು ಕೊಟ್ಟ ನೆಲ. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಆ ಕಾಯಿಲೆಗೆ ಊರಿನ ಹೆಸರೇ ಬಂತು. ಎಪ್ಪತ್ತರ ದಶಕದಲ್ಲಿ ಸಾಗರದ ಹಂದಿಗೋಡಿನಲ್ಲಿ ಬಡವರ ಕೀಲುಗಳು ಸೆಟೆದು ನಿಂತವು, ಅದಕ್ಕೂ ಊರಿನ ಹೆಸರು. 2018-19ರಲ್ಲಿ ಅರಳಗೋಡಿನಲ್ಲಿ ಮಂಗನ ಕಾಯಿಲೆಯಿಂದ ಸಾವುಗಳಾದಾಗ ಇಡೀ ರಾಜ್ಯ ಸಾಗರದ ಕಡೆ ತಿರುಗಿ ನೋಡಿತು. ಹೆಣ ಬಿದ್ದಾಗ, ಮೈ ಮುರುಟಿದಾಗ ಸರ್ಕಾರ ಬರುತ್ತದೆ. ಸದ್ದಿಲ್ಲದೆ ಏರುವ ಸಕ್ಕರೆಗೆ ಊರಿನ ಹೆಸರೂ ಬರುವುದಿಲ್ಲ, ಸರ್ಕಾರವೂ ಬರುವುದಿಲ್ಲ.

ಇದಕ್ಕೆ ದೂರವೂ ಸೇರಿಕೊಂಡಿದೆ. ಶರಾವತಿ, ವಾರಾಹಿ, ಚಕ್ರಾ ಜಲಾಶಯಗಳ ಹಿನ್ನೀರು ಹರಿದು ಹಂಚಿಹಾಕಿದ ಊರುಗಳು ನಮ್ಮವು. ಒಂಟಿ ಮನೆಗಳು, ಎರಡು ಮನೆಗಳ ನಡುವೆ ಗುಡ್ಡ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಉದ್ಘಾಟನೆ ಆಗುವವರೆಗೂ ತುಮರಿ ಕಡೆಯವರು ಸಾಗರದ ಆಸ್ಪತ್ರೆಗೆ ಬರಲು ಲಾಂಚಿನ ಹೊತ್ತು ಕಾಯಬೇಕಿತ್ತು. ತಜ್ಞ ವೈದ್ಯರು ಬೇಕೆಂದರೆ ಒಂದೋ ಶಿವಮೊಗ್ಗ, ಇಲ್ಲವೇ ಆಗುಂಬೆ ಅಥವಾ ಹುಲಿಕಲ್ ಘಾಟಿ ಇಳಿದು ಕರಾವಳಿ. ಕೊಯ್ಲಿನ ಕಾಲದಲ್ಲಿ "ಚೆಕಪ್ಪಿಗೆ" ಅಂತ ಒಂದು ಇಡೀ ದಿನ ಕಳೆಯುವವರು ಯಾರು? ಎಲೆಚುಕ್ಕೆ ರೋಗ ಬಂದ ತೋಟದ ಮಾಲೀಕನ ತಲೆಯಲ್ಲಿ ತನ್ನ ಮೇದೋಜೀರಕಕ್ಕೆ ಜಾಗ ಎಲ್ಲಿದೆ? ಹಾಗಾಗಿ ಪರೀಕ್ಷೆ ಅವನಿದ್ದಲ್ಲಿಗೆ ಬರಬೇಕು.

ಎಷ್ಟು ಜನ, ಎಷ್ಟು ಕೆಲಸ?

"ಆಶಾಗಳಿಗೆ ಈಗಲೇ ಹೊರಲಾರದಷ್ಟು ಕೆಲಸ, ಇನ್ನೊಂದು ರಿಜಿಸ್ಟರ್ ಬೇಕಾ?" ಎಂಬ ಆಕ್ಷೇಪ ನ್ಯಾಯವಾದದ್ದೇ. ಲೆಕ್ಕ ಹಾಕಿ ನೋಡೋಣ. ಜಗತ್ತಿನ ಅಂದಾಜಿನಲ್ಲಿ ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್ ಬರುವುದು ವರ್ಷಕ್ಕೆ ಲಕ್ಷಕ್ಕೆ ಸುಮಾರು 34 ಜನರಿಗೆ. ಗುಡ್ಡಗಾಡಿನಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 20 ಸಾವಿರ ಜನ ಎಂಬುದು ನಿಯಮ. ಅಂದರೆ ಒಂದು ಕೇಂದ್ರಕ್ಕೆ ವರ್ಷಕ್ಕೆ ಏಳು ಜನ. ಮೂರೂ ತಾಲ್ಲೂಕು ಸೇರಿ ಸುಮಾರು ನಾಲ್ಕೂವರೆ ಲಕ್ಷ ಜನಸಂಖ್ಯೆಗೆ ನೂರೈವತ್ತು. ಅವರಲ್ಲಿ ಮೊದಲ ವರ್ಷವೇ ಇಪ್ಪತ್ತಕ್ಕೂ ಹೆಚ್ಚು ಜನ ಮಧುಮೇಹಿಗಳಾಗುತ್ತಾರೆ. ಇದು ಜಗತ್ತಿನ ಸರಾಸರಿ ಇಟ್ಟುಕೊಂಡು ನಾನು ಬೆರಳೆಣಿಸಿ ಹಾಕಿದ ಲೆಕ್ಕ, ನಮ್ಮಲ್ಲಿ ಹೆಚ್ಚೂ ಇರಬಹುದು, ಕಮ್ಮಿಯೂ ಇರಬಹುದು. ಆದರೆ ಏಳು ಜನರ ಹೆಸರು ಬರೆದಿಟ್ಟುಕೊಳ್ಳಲು ರಿಜಿಸ್ಟರ್ ಬೇಡ, ಗೋಡೆಯ ಕ್ಯಾಲೆಂಡರ್ ಸಾಕು.

ಹಾಗಾದರೆ ಏನು ಮಾಡಬೇಕು? ಮೊದಲನೆಯದು ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲಿ ಒಂದು ಸಾಲು: ನಿಮಗೆ ಮೇದೋಜೀರಕ ಗ್ರಂಥಿಯ ಉರಿಯೂತ ಆಗಿತ್ತು, ಮೂರು ತಿಂಗಳಿಗೊಮ್ಮೆ, ಆಮೇಲೆ ಪ್ರತಿ ವರ್ಷ ಸಕ್ಕರೆ ನೋಡಿಸಿ, ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ಈ ಚೀಟಿ ತೋರಿಸಿ. ಆರೋಗ್ಯ ಕರ್ನಾಟಕದ ಹಣ ಪಡೆಯುವ ಆಸ್ಪತ್ರೆಗಳಿಗೆ ಇದನ್ನು ಕಡ್ಡಾಯ ಮಾಡಲು ಒಂದು ಸುತ್ತೋಲೆ ಸಾಕು. ಅದೇ ಆಸ್ಪತ್ರೆಯಿಂದ ರೋಗಿಯ ಊರಿನ ಆರೋಗ್ಯ ಕೇಂದ್ರಕ್ಕೆ ಮಾಹಿತಿ ಹೋಗಬೇಕು. ಎರಡನೆಯದು, ಗೃಹ ಆರೋಗ್ಯದ ಮನೆಭೇಟಿಯಲ್ಲಿ ಒಂದು ಪ್ರಶ್ನೆ ಸೇರಲಿ. 'ಹೌದು' ಅಂದವರ ಅಂಕ ಎಷ್ಟೇ ಇರಲಿ, ವಯಸ್ಸು ಎಷ್ಟೇ ಇರಲಿ, ಪರೀಕ್ಷೆ ಮಾಡಲಿ. ಮೂರನೆಯದು, ತಾಲ್ಲೂಕು ಆಸ್ಪತ್ರೆಗಳಲ್ಲಿ ಎಂಜೈಮ್ ಕ್ಯಾಪ್ಸೂಲ್ ಸಿಗಲಿ. ಮೂರೂ ತಾಲ್ಲೂಕಿಗೆ ಸೇರಿ ಬೇಕಾಗುವುದು ಕೆಲವೇ ಡಜನ್ ರೋಗಿಗಳಿಗೆ.

ಎರಡನೇ ದಾಳಿಯನ್ನು ತಡೆಯುವುದೂ ಇದರಲ್ಲೇ ಬರುತ್ತದೆ, ಏಕೆಂದರೆ ಪ್ರತಿ ದಾಳಿಯೂ ಗ್ರಂಥಿಯನ್ನು ಇನ್ನಷ್ಟು ತಿನ್ನುತ್ತದೆ. ಪಿತ್ತಕೋಶದ ಕಲ್ಲಿನಿಂದ ಸೌಮ್ಯ ಉರಿಯೂತ ಬಂದವರಿಗೆ ಅದೇ ದಾಖಲಾತಿಯಲ್ಲಿ ಪಿತ್ತಕೋಶ ತೆಗೆದರೆ, ಮರುಕಳಿಸುವ ತೊಂದರೆ ಶೇ. 17ರಿಂದ ಶೇ. 5ಕ್ಕೆ ಇಳಿಯುತ್ತದೆ ಎಂದು ನೆದರ್‌ಲೆಂಡ್ಸ್‌ನ ಅಧ್ಯಯನ 2015ರಲ್ಲಿ ತೋರಿಸಿತು. "ಆರು ವಾರ ಬಿಟ್ಟು ಬನ್ನಿ" ಅಂದರೆ ನಮ್ಮ ಕಡೆ ಆರು ತಿಂಗಳು ಅಂತಲೇ ಅರ್ಥ. ಮದ್ಯದಿಂದ ಬಂದವರಿಗೆ ಫಿನ್ಲೆಂಡಿನಲ್ಲಿ ಮಾಡಿದ್ದು ಇನ್ನೂ ಸರಳ: ಆರು ತಿಂಗಳಿಗೊಮ್ಮೆ ಕರೆದು ಕೂರಿಸಿಕೊಂಡು ಮಾತಾಡಿದರು. ಒಂದೇ ಸಲ ಬುದ್ಧಿ ಹೇಳಿ ಕಳಿಸಿದವರಲ್ಲಿ ಎರಡು ವರ್ಷದೊಳಗೆ ಶೇ. 21 ಜನರಿಗೆ ಮತ್ತೆ ದಾಳಿ ಆಗಿತ್ತು, ಪದೇಪದೇ ಮಾತಾಡಿಸಿದವರಲ್ಲಿ ಶೇ. 8. ಮಾತಿಗೆ ಔಷಧದ ಶಕ್ತಿ ಇದೆ ಅಂತಾಯ್ತು. 2007ರಲ್ಲಿ ಸಾರಾಯಿ ನಿಷೇಧಿಸಿದ ಇದೇ ರಾಜ್ಯ 2025-26ಕ್ಕೆ ಅಬಕಾರಿಯಿಂದ 40,000 ಕೋಟಿ ರೂಪಾಯಿ ಆದಾಯದ ಗುರಿ ಇಟ್ಟುಕೊಂಡಿತ್ತು. ಆ ದುಡ್ಡಿನ ಚೂರೊಂದು ಈ ಮಾತಿಗೆ ಖರ್ಚಾದರೆ ತಪ್ಪೇನಿಲ್ಲ.

ನನ್ನ ತಮ್ಮನಿಗೆ ಕೊನೆಗೆ ಸಿಕ್ಕ ಡಾಕ್ಟರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಹಿಂದೆ ಹೊಟ್ಟೆನೋವಿಗೆ ಅಡ್ಮಿಟ್ ಆಗಿದ್ರಾ?" ಅಲ್ಲಿಂದ ಎಲ್ಲ ಬದಲಾಯಿತು. ಹಳೆಯ ಮಾತ್ರೆ ನಿಂತಿತು, ಕಮ್ಮಿ ಪ್ರಮಾಣದ ಇನ್ಸುಲಿನ್ ಶುರುವಾಯಿತು, ಊಟದ ಜೊತೆ ಎಂಜೈಮ್. ಆರು ಕೆಜಿ ವಾಪಸು ಬಂದಿದೆ. ಮರ ಹತ್ತುವುದು ಬಿಟ್ಟಿದ್ದಾನೆ, ದೋಟಿ ಹಿಡಿದು ಕೊಯ್ಯುವವರನ್ನು ಕರೆಸುತ್ತಾನೆ, ಕೂಲಿ ಕೈಯಿಂದ ಹೋಗುತ್ತದೆ. ಅಂಗಿ ಜೇಬಿನಲ್ಲಿ ಯಾವಾಗಲೂ ಪ್ಲಾಸ್ಟಿಕ್ ಸುತ್ತಿದ ಬೆಲ್ಲದ ಚೂರು.

ಆ ಪ್ರಶ್ನೆ ಅವನಿಗೆ ಸಿಕ್ಕಿದ್ದು ಅದೃಷ್ಟದಿಂದ. ಸಾಗರ, ಹೊಸನಗರ, ತೀರ್ಥಹಳ್ಳಿಯ ತೋಟಗಳಲ್ಲಿ ಈ ವರ್ಷವೂ ಮರ ಹತ್ತುವವರಲ್ಲಿ, ಕಳೆದ ವರ್ಷ ಅದೇ ಹೊಟ್ಟೆನೋವಿಗೆ ಆಸ್ಪತ್ರೆ ಸೇರಿ ಬಂದವರು ಇದ್ದೇ ಇರುತ್ತಾರೆ. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಅಂಥವರಿದ್ದರೆ ಸರ್ಕಾರದ ಸುತ್ತೋಲೆಗೆ ಕಾಯಬೇಡಿ. ನಾಳೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕರೆದುಕೊಂಡು ಹೋಗಿ ಸಕ್ಕರೆ ನೋಡಿಸಿ. ಆದರೆ ಸುತ್ತೋಲೆ ಕೇಳುವುದನ್ನೂ ಬಿಡಬೇಡಿ.